ಹಾಡಿನ ಮೂರನೇ ನುಡಿ

ಇಂದಿರಾನಗರದ ಹನ್ನೆರಡನೇ ಮೇನಿನಲ್ಲಿ, ಕೇಕ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಮೂರು ಗೋಡೆಗೂ ಕನ್ನಡಿ ಹಾಕಿಸಿದ ಒಂದು ದೊಡ್ಡ ಕೋಣೆಯಿದೆ. ಬೆಳಗಿನ ಆರೂವರೆಯಿಂದ ಹತ್ತೂವರೆಯವರೆಗೆ ಅಲ್ಲಿ ಹೆಂಗಸರು ಹಾಡಿಗೆ ಕುಣಿದು ಮೈ ಇಳಿಸುತ್ತಾರೆ. ಒಂದು ಬ್ಯಾಚು ಹೋಗಿ ಇನ್ನೊಂದು ಬರುವ ನಡುವೆ ಹತ್ತು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ನೆಲದ ಬೆವರು ಒರೆಸಿ, ಕನ್ನಡಿಯ ಮೇಲಿನ ಕೈಗುರುತು ತೆಗೆದು, ಬಿಟ್ಟುಹೋದ ಟವೆಲ್ಲುಗಳನ್ನು ಎತ್ತಿಡುವುದು ಬಾಲಮ್ಮನ ಕೆಲಸ. ಬ್ಯಾಚು ನಡೆಯುವಾಗ ಅವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಕೂತಲ್ಲಿಗೇ ಹಾಡು ಬಂದು ಎದೆಗೆ ಗುದ್ದುತ್ತದೆ.

ಆ ವರ್ಷ ಊರೆಲ್ಲ ಒಂದೇ ಹಾಡು. ಸಿನಿಮಾ ಬಂದು ಹೋಗಿ ತಿಂಗಳುಗಳಾಗಿದ್ದರೂ ಹಾಡು ಹೋಗಿರಲಿಲ್ಲ. ಆಟೋದಲ್ಲಿ ಅದೇ, ಗಣೇಶನ ಪೆಂಡಾಲಿನಲ್ಲಿ ಅದೇ, ಮದುವೆಮನೆಯಲ್ಲಿ ಹುಡುಗನ ಕಡೆಯವರು ಕುಣಿಯುವುದೂ ಅದಕ್ಕೇ. ಕನ್ನಡಿ ಕೋಣೆಯಲ್ಲಂತೂ ಬ್ಯಾಚಿಗೆ ಎರಡು ಸಲ: ಮೈ ಬಿಸಿ ಮಾಡಿಕೊಳ್ಳಲು ಒಮ್ಮೆ, ಕೊನೆಗೆ ಎಲ್ಲರೂ ಕೇಳಿದರೆಂದು ಇನ್ನೊಮ್ಮೆ.

*ಹೊತ್ತು ಮುಳುಗಿತೋ ದೊರೆಯೇ, ಹತ್ತಿರ ಬಾರೋ*
*ತೊಟ್ಟಿಲ ತೂಗೋ ಆಸೆಯೋ, ಮುತ್ತ ತಾರೋ*

ಮೊದಲ ಸಲ ಇದನ್ನು ಕೇಳಿದಾಗ ಬಾಲಮ್ಮನ ಕೈಯಲ್ಲಿದ್ದ ಮಾಪು ಹಾಗೇ ನಿಂತುಬಿಟ್ಟಿತ್ತು. ಧಾಟಿ ಗುರುತು ಸಿಕ್ಕಿತ್ತು. ಅದು ಅವಳ ತಾಯಿ ಹಣಮವ್ವ ಹೊಲದಲ್ಲಿ ಕಸ ತೆಗೆಯುವಾಗ ಹಾಡುತ್ತಿದ್ದ ಹಾಡು. ಸುರಪುರದ ಕಡೆಯ ಆ ಹಳ್ಳಿಯಲ್ಲಿ, ಗೌಡರ ಹತ್ತಿ ಹೊಲದಲ್ಲಿ, ಇಪ್ಪತ್ತು ಹೆಂಗಸರು ಸಾಲು ಹಿಡಿದು ಬಗ್ಗಿದರೆ ಹಣಮವ್ವ ಮೊದಲ ಸೊಲ್ಲು ಎತ್ತುತ್ತಿದ್ದಳು, ಉಳಿದವರು ಹಿಂದೆ ಹಿಡಿಯುತ್ತಿದ್ದರು. ಆದರೆ ಅವಳು ಹಾಡುತ್ತಿದ್ದದ್ದು ಹೀಗಲ್ಲ:

*ಹೊತ್ತು ಮುಳುಗಿತೋ ದೊರೆಯೇ, ಹೊಲ ಬಿಡಿಸೋ*
*ತೊಟ್ಟಿಲ ಕೂಸು ಅಳತಾದೋ, ಮನಿಗಿ ಕಳಿಸೋ*

ಹಣಮವ್ವ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅವಳದ್ದು ಅಂತ ಉಳಿದದ್ದು ಮತದಾರರ ಚೀಟಿಯ ಮಸುಕು ಫೋಟೋ ಒಂದೇ. ಈಗಿನವರ ಫೋನಿನಲ್ಲಿ ಸತ್ತವರು ನಗುತ್ತಾರೆ, ಮಾತಾಡುತ್ತಾರೆ, ಮಗು ಎತ್ತಿಕೊಂಡು ತೂಗುತ್ತಾರೆ. ಹಣಮವ್ವನ ದನಿ ಮಾತ್ರ ಎಲ್ಲೂ ಇರಲಿಲ್ಲ. ಅದು ಹೇಗಿತ್ತು ಎಂದು ನೆನೆಸಿಕೊಳ್ಳಲು ಬಾಲಮ್ಮ ಎಷ್ಟೋ ಸಲ ಕಣ್ಣು ಮುಚ್ಚಿ ಕೂತದ್ದುಂಟು. ಸ್ವಲ್ಪ ಒಡಕು, ಕೊನೆಯಲ್ಲಿ ತುಸು ಎಳೆತ. ಅಷ್ಟು ಹೊಳೆಯುವುದು, ಮುಂದಕ್ಕೆ ಹೋಗುವುದರೊಳಗೆ ಸಿನಿಮಾದ ಹುಡುಗಿಯ ನುಣುಪು ದನಿ ಬಂದು ಅದರ ಮೇಲೆ ಕೂತುಬಿಡುವುದು. ದಿನಕ್ಕೆ ಎಂಟು ಸಲ ಕೇಳಿ ಕೇಳಿ ಅವ್ವನ ದನಿ ಅಳಿಸಿಯೇ ಹೋದೀತು ಎಂಬ ದಿಗಿಲು ಅವಳಿಗೆ ಹತ್ತಿತು.

ಒಂದು ದಿನ ಬ್ಯಾಚು ಮುಗಿದ ಮೇಲೆ, ಕುಣಿತ ಕಲಿಸುವ ದಿವ್ಯ ಒಬ್ಬಳೇ ಕನ್ನಡಿಯೆದುರು ನಿಂತು ಅದೇ ಹಾಡಿಗೆ ಹೊಸ ಹೆಜ್ಜೆ ಕೂಡಿಸುತ್ತಿದ್ದಳು. ಕೆ.ಆರ್. ಪುರದ ಹುಡುಗಿ, ಇಪ್ಪತ್ತೇಳರ ಪ್ರಾಯ. ಯಾರನ್ನೂ ಬೈಯುವವಳಲ್ಲ. ಬಾಲಮ್ಮ ಧೈರ್ಯ ಮಾಡಿ ಹೇಳಿದಳು:

"ಮೇಡಮ್, ಆ ಹಾಡಿಗಿ ಸೊಂಟ ಹಂಗ ತಿರಗೋದಲ್ರಿ."

ದಿವ್ಯ ಹಾಡು ನಿಲ್ಲಿಸಿದಳು. "ಹೌದಾ ಬಾಲಕ್ಕ? ಮತ್ತೆ ಹೆಂಗೆ?"

ಬಾಲಮ್ಮ ಮಾಪನ್ನು ಗೋಡೆಗೆ ಒರಗಿಸಿ ಸೀರೆ ಎತ್ತಿ ಕಟ್ಟಿದಳು. ಬಗ್ಗಿದಳು. 'ಹೊತ್ತು' ಅನ್ನುವಾಗ ಎಡಗೈ ಗಿಡದ ಬುಡ ಸರಿಸಿತು, 'ಮುಳುಗಿತೋ' ಅನ್ನುವಾಗ ಬಲಗೈ ಕಸ ಕಿತ್ತಿತು, 'ದೊರೆಯೇ' ಎಂಬಲ್ಲಿ ಕಾಲು ಒಂದು ಗೇಣು ಮುಂದೆ ಸರಿಯಿತು. ಮೂರು ಗೋಡೆಯ ಕನ್ನಡಿಯಲ್ಲೂ ಬಾಲಮ್ಮಂದಿರು ಸಾಲು ಹಿಡಿದು ಕಸ ಕೀಳುತ್ತ ಮುಂದೆ ಬಂದರು.

"ಇದು ಬಗ್ಗಿ ಕೆಲಸ ಮಾಡೋ ಹಾಡ್ರಿ. ಹೊತ್ತು ಮುಳುಗಿದ್ರೂ ಗೌಡ ಹೊಲ ಬಿಡಸ್ತಿದ್ದಿಲ್ಲ. ಮನಿಗಿ ಕಳಸಪ್ಪ, ಕೂಸು ಅಳ್ಲಕತ್ತಾವ ಅಂತ ಹಾಡ್ತಿದ್ರು. ಇವ್ರು ಅದನ್ನೇ ಹತ್ತರ ಬಾ, ಮುತ್ತು ಕೊಡು ಅಂತ ಮಾಡಿಬಿಟ್ಟಾರ. ದೊರಿ ಅಂದ್ರ ಗಂಡ ಅಲ್ರಿ. ಹೊಲದ ಮಾಲಕ."

ದಿವ್ಯ ನಗಲಿಲ್ಲ. ಫೋನು ತೆಗೆದು ಹಾಡಿನ ಕೆಳಗೆ ಬರೆದದ್ದನ್ನು ಹುಡುಕಿದಳು. "ಇಲ್ನೋಡಿ ಅಕ್ಕ. ಸಾಹಿತ್ಯ, ಜಾನಪದ ಅಂತ ಹಾಕಿದ್ದಾರೆ."

"ಜಾನಪದ ಅಂದ್ರ ಯಾರ್ರಿ?"

"ಯಾರೂ ಅಲ್ಲ. ಅಂದ್ರೆ... ಯಾರು ಬರೆದ್ರು ಅಂತ ಗೊತ್ತಿಲ್ದಿದ್ರೆ ಹಂಗೆ ಹಾಕ್ತಾರೆ."

"ನಮ್ಮವ್ವ ಹಾಡ್ತಿದ್ದಳ್ರಿ," ಎಂದಳು ಬಾಲಮ್ಮ. ಅಷ್ಟರಲ್ಲಿ ಎಂಟೂವರೆಯ ಬ್ಯಾಚಿನವರು ಚಪ್ಪಲಿ ಬಿಡುವ ಸದ್ದಾಯಿತು. ದಿವ್ಯ ಅವಳ ತೋಳು ತಟ್ಟಿ ಹೋದಳು. ಹಾಡು ಮತ್ತೆ ಶುರುವಾಯಿತು.

ಸಿ.ವಿ. ರಾಮನ್ ನಗರದ ಹಿಂಬದಿಯ ಗಲ್ಲಿಯಲ್ಲಿ ಬಾಲಮ್ಮನದು ಒಂದೇ ಕೋಣೆಯ ಮನೆ. ಗಂಡ ಮಾನಪ್ಪ ಟೆಕ್ ಪಾರ್ಕಿನಲ್ಲಿ ಸೆಕ್ಯೂರಿಟಿ, ಮಗಳು ಗಂಗಾ ಔಷಧಿ ಅಂಗಡಿಯಲ್ಲಿ ಕೆಲಸ. ಮಾನಪ್ಪನಿಗೆ ಆ ಹಾಡೆಂದರೆ ಪ್ರಾಣ. ಶೂಸಿಗೆ ಪಾಲಿಶ್ ಹಾಕುವಾಗೆಲ್ಲ ಅದನ್ನೇ ಶಿಳ್ಳೆ ಹಾಕುವನು. ಹೆಂಡತಿ ರೇಗಿದರೆ, "ನಿಮ್ಮವ್ವನ ಹಾಡು ದೇಶ ಎಲ್ಲ ಕುಣಿಸ್ಲಕತ್ತದ, ನಿನಗ ಸಿಟ್ಟು ಯಾಕ? ನಾ ಆಗಿದ್ರ ಮಿಠಾಯಿ ಹಂಚ್ತಿದ್ದೆ," ಎನ್ನುವನು.

ಸಿಟ್ಟು ಯಾಕೆ ಎಂದು ಬಾಲಮ್ಮನಿಗೂ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಮಾತು ತಿರುಚಿದ್ದು ಒಂದು. ಎರಡನೇ ನುಡಿಯಲ್ಲಿ ಅವ್ವ 'ಬಾಯಿ ಒಣಗಿತೋ ದೊರೆಯೇ, ನೀರ ಕುಡಿಸೋ' ಎನ್ನುತ್ತಿದ್ದಳು. ಹೊಲದಲ್ಲಿ ಬಾವಿಯಿದ್ದರೂ ಕೇರಿಯವರು ಅದರ ಹಗ್ಗ ಮುಟ್ಟುವಂತಿರಲಿಲ್ಲ, ಯಾರಾದರೂ ಬಂದು ಮೇಲಿನಿಂದ ಬೊಗಸೆಗೆ ಹೊಯ್ಯಬೇಕಿತ್ತು. ಸಿನಿಮಾದವರು ನೀರು ತೆಗೆದು ಜೇನು ಹಾಕಿದ್ದರು. ಅದನ್ನಾದರೂ ತಾಳಿಕೊಳ್ಳಬಹುದಿತ್ತು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಹಾಡಿಗೆ ಮೂರನೇ ನುಡಿ ಒಂದಿತ್ತು. ಅದು ಸಿನಿಮಾದಲ್ಲಿ ಇರಲೇ ಇಲ್ಲ. ಮತ್ತು ಅದು ಬಾಲಮ್ಮನಿಗೂ ಪೂರ್ತಿ ನೆನಪಿರಲಿಲ್ಲ.

*ಅಳೆಯೋ ಸೇರಿಗಿ ದೊರೆಯೇ, ಎರಡು ತಳ ಯಾಕೋ...*

ಇಷ್ಟೇ. ಮುಂದಿನ ಸಾಲು ಬಾಯಿಯ ತುದಿಗೆ ಬಂದಂತಾಗಿ ಜಾರುತ್ತಿತ್ತು. ಕೂಲಿಯ ಜೋಳ ಅಳೆದು ಕೊಡುವ ಸೇರಿನಲ್ಲಿ ಗೌಡ ಒಳಗೊಂದು ತಗಡಿನ ತಳ ಕೂಡಿಸಿದ್ದ, ತುಂಬಿ ಅಳೆದರೂ ಮುಕ್ಕಾಲೇ ಬೀಳುತ್ತಿತ್ತು ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಬಾಲಮ್ಮ ದೊಡ್ಡವಳಾದ ಮೇಲೆ ಮನೆಯಲ್ಲಿ ಎಷ್ಟು ಕೇಳಿದರೂ ಅವ್ವ ಆ ನುಡಿ ಹಾಡಲಿಲ್ಲ. "ಮರ್ತದ ಬಿಡು," ಎಂದುಬಿಡುವಳು.

ಒಂದು ಭಾನುವಾರ ಅಕ್ಕಿ ಆರಿಸುತ್ತ ಬಾಲಮ್ಮ ಇದನ್ನೆಲ್ಲ ಗಂಗಾಳಿಗೆ ಹೇಳಿದಳು. ಗಂಗಾ ಬೆಂಗಳೂರಿನಲ್ಲೇ ಬೆಳೆದವಳು. ಹೊಲ, ಸೇರು, ಗೌಡ ಯಾವುದೂ ಅವಳಿಗೆ ಹತ್ತಿರದವಲ್ಲ. ಆದರೂ ಫೋನು ಹಿಡಿದು 'ಹೊಲ ಬಿಡಿಸೋ' ಎಂದು ಬರೆದು ಹುಡುಕಿದಳು. ಸಾವಿರ ಸಲ ಸಿನಿಮಾದ ಹಾಡೇ ಬಂತು. ಗಂಗಾ ಬೆರಳು ಎಳೆಯುತ್ತಲೇ ಹೋದಳು. ಅನ್ನ ಬೆಂದು ಇಳಿಸುವ ಹೊತ್ತಿಗೆ ಒಂದು ಕಡೆ ನಿಂತಳು.

"ಅವ್ವ, ಯಾರೋ ಒಬ್ರು ಬರ್ದಾರೆ, ಕೇಳು. 'ಇದು ಪ್ರೇಮಗೀತೆಯಲ್ಲ. ತೊಂಬತ್ತೊಂದರಲ್ಲಿ ಸಾಕ್ಷರತಾ ಜಾಥಾಕ್ಕೆ ಹೋಗಿದ್ದಾಗ ಸುರಪುರ ತಾಲ್ಲೂಕಿನ ಹೆಂಗಸರ ಬಾಯಿಂದ ನಾನೇ ಟೇಪು ಮಾಡಿಕೊಂಡ ಹಾಡು. ಅವರು ಕೇಳಿದ್ದು ಮುತ್ತನ್ನಲ್ಲ, ಮನೆಗೆ ಹೋಗುವ ಹಕ್ಕನ್ನು.' ಸುಗತ, ಹಲಸೂರು ಅಂತ ಐತೆ."

ಬಾಲಮ್ಮ ಪಾತ್ರೆಯನ್ನು ಕೆಳಗಿಟ್ಟಳು. "ಟೇಪು ಮಾಡಿಕೊಂಡಾರಂತ?"

"ಹೂಂ. ಟೇಪು."

ಡೊಳ್ಳು, ಹಲಗೆ ಬಡಿಯುತ್ತ ಊರಿಗೆ ಬಂದಿದ್ದವರು ಮಕ್ಕಳಿಗೆಲ್ಲ ಪೆಪ್ಪರಮೆಂಟು ಹಂಚಿದ್ದು ಬಾಲಮ್ಮನಿಗೆ ಮಸುಕಾಗಿ ನೆನಪಿತ್ತು. ಆಗ ಅವಳಿಗೆ ಹತ್ತು ವರ್ಷ. ಟೇಪಿನ ನೆನಪು ಮಾತ್ರ ಇರಲಿಲ್ಲ.

ಫೋನಿನಲ್ಲೇ ಅವರ ವಿಳಾಸ ಕೇಳಿಕೊಂಡು, ಮರುವಾರ ರಜೆ ಕೇಳಿ ತಾಯಿಮಗಳಿಬ್ಬರೂ ಹಲಸೂರಿಗೆ ಹೋದರು. ಗೌತಮಪುರದ ಇಕ್ಕಟ್ಟು ಬೀದಿಯಲ್ಲಿ ಸುಗತರ ಮನೆ. ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ ತೆಳ್ಳನೆಯ ಮನುಷ್ಯ. ಬಾಲಮ್ಮ ಊರ ಹೆಸರು ಹೇಳಿದ್ದೇ ಅವರು ಕುರ್ಚಿಯಿಂದ ಎದ್ದು ನಿಂತರು. ತಾಯಿಯ ಹೆಸರು ಹೇಳಿದಾಗ ಕನ್ನಡಕ ತೆಗೆದರು.

"ಹೆಸರು ನಾನು ಕೇಳಿರಲಿಲ್ಲ ತಾಯಿ," ಎಂದರು. "ಅದೇ ನನ್ನ ತಪ್ಪು. ಹಾಡು ಬರ್ಕೊಂಡೆ, ಊರು ಬರ್ಕೊಂಡೆ, ತಾರೀಖು ಬರ್ಕೊಂಡೆ. ಹಾಡಿದವರ ಹೆಸರು ಬರೀಲಿಲ್ಲ. ನಮ್ಮ ಜಾಥಾದ ಪುಸ್ತಕದಲ್ಲಿ ನಾವೇ 'ಜಾನಪದ' ಅಂತ ಅಚ್ಚು ಹಾಕಿದ್ವಿ. ಆ ಪುಸ್ತಕ ಯಾರ್ಯಾರ ಕೈಗೋ ಹೋಗಿ, ಕೊನೆಗೆ ಸಿನಿಮಾದವರಿಗೆ ಸಿಕ್ಕಿದೆ. ಅವರನ್ನ ಬೈಯೋಕೆ ನನಗೆ ಪೂರ್ತಿ ಬಾಯಿಲ್ಲ."

ಒಳಗಿಂದ ಅವರ ಹೆಂಡತಿ ಕಾಫಿ ತಂದರು. ಸುಗತರು ಬೀರುವಿನ ಮೇಲಿಂದ ರಟ್ಟಿನ ಪೆಟ್ಟಿಗೆ ಇಳಿಸಿ, ಕ್ಯಾಸೆಟ್ಟುಗಳನ್ನು ಒಂದೊಂದಾಗಿ ತೆಗೆದರು. ನೀಲಿ ಶಾಯಿಯಲ್ಲಿ ಊರ ಹೆಸರು ಬರೆದ ಒಂದನ್ನು ಬಾಲಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಎರಡೂ ಅಂಗೈ ಕೂಡಿಸಿ ಹಿಡಿದುಕೊಂಡಳು. ಅಷ್ಟು ಹಗುರ ಇರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

"ಹಚ್ರಿ ಸರ್, ಕೇಳೋಣ," ಎಂದಳು.

"ಅದೇ ತೊಂದರೆ. ನನ್ನ ಟೇಪ್ ರೆಕಾರ್ಡರ್ ಕೆಟ್ಟು ಹತ್ತು ವರ್ಷ ಆಯ್ತು. ಶಿವಾಜಿನಗರಕ್ಕೆ ಹೋಗೋಣ, ಬನ್ನಿ. ಖುರ್ಷೀದ್ ಇದ್ದಾನೆ."

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಕೋಳಿ ಅಂಗಡಿ ಮತ್ತು ಅತ್ತರಿನ ಅಂಗಡಿಯ ನಡುವೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಸಣ್ಣ ಜಾಗದಲ್ಲಿ ಖುರ್ಷೀದರ ರಿಪೇರಿ ಅಂಗಡಿ. ಬಿಳಿ ಗಡ್ಡದ ಖುರ್ಷೀದ್ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಯಾ ಅಲ್ಲಾ, ಫಂಗಸ್ ಹಿಡ್ದಿದೆ ಸುಗತ್ ಸಾಬ್. ಹಂಗೇ ಹಾಕಿದ್ರೆ ತುಂಡಾಗ್ತದೆ." ತಿರುಪು ಬಿಚ್ಚಿ, ಕಂದು ರಿಬ್ಬನ್ನನ್ನು ಹತ್ತಿಯಿಂದ ಒರೆಸುತ್ತ ಒರೆಸುತ್ತ ಬೇರೆ ಚಿಪ್ಪಿಗೆ ಸುತ್ತಿದರು. ಒಂದೂವರೆ ಗಂಟೆ ಹಿಡಿಯಿತು. ಮೂವರೂ ಗಲ್ಲಿಯಲ್ಲೇ ನಿಂತಿದ್ದರು. ಗಂಗಾ ಹೋಗಿ ಚಹಾ ತಂದಳು. ಬಾಲಮ್ಮ ಕುಡಿಯಲಿಲ್ಲ.

ಕೊನೆಗೆ ಖುರ್ಷೀದ್ ಗುಂಡಿ ಒತ್ತಿದರು. ಮೊದಲು ಸುಯ್ ಎಂಬ ಸದ್ದು. ಆಮೇಲೆ ಅಂದಿನ ಪ್ರಾಯದ ಸುಗತರ ದನಿ, ಊರ ಹೆಸರು, ತಾರೀಖು. ಆಮೇಲೆ ಬಲು ದೂರದಿಂದ, ಬಾವಿಯ ತಳದಿಂದ ಬಂದಂತೆ, ಹೆಂಗಸರ ದನಿ.

"ಇಷ್ಟು ದೂರ ಯಾಕೆ ಕೇಳುತ್ತೆ?" ಎಂದಳು ಗಂಗಾ.

ಸುಗತರು ತಲೆ ತಗ್ಗಿಸಿದರು. "ಆಗ ಆ ಊರಲ್ಲಿ ಕರೆಂಟು ಇದ್ದದ್ದು ಗೌಡನ ಮನೆಗೆ ಮಾತ್ರಮ್ಮ. ನಮ್ಮ ಟೇಪಿಗೆ ಪ್ಲಗ್ಗು ಬೇಕಿತ್ತು. ಟೇಪು ಅವನ ಪಡಸಾಲೆ ಮೇಲೆ ಇಟ್ವಿ. ಹಾಡೋ ಹೆಂಗಸರು ಮೆಟ್ಟಿಲು ಹತ್ತೋ ಹಾಗಿರಲಿಲ್ಲ, ಕೆಳಗೆ ಅಂಗಳದಲ್ಲಿ ಕೂತಿದ್ರು. ನಾನೂ ಅಲ್ಲೇ ಕೂತೆ. ಮೆಷೀನು ಮೇಲೆ, ನಾವು ಕೆಳಗೆ."

ಬಾಲಮ್ಮ ಅವರ ಕಡೆ ತಿರುಗಲಿಲ್ಲ. ಕೌಂಟರಿನ ಮೇಲೆ ಬಗ್ಗಿ ಕಿವಿಯನ್ನು ಸ್ಪೀಕರಿಗೆ ಹಚ್ಚಿದ್ದಳು. ಸೊಲ್ಲು ಎತ್ತುವ ಆ ಒಂದು ದನಿ. ತುಸು ಒಡಕು. ಕೊನೆಯಲ್ಲಿ ಎಳೆತ. ಅವಳು ಅಂದುಕೊಂಡದ್ದಕ್ಕಿಂತ ತೆಳುವಾಗಿತ್ತು, ಎಳೆಯದಾಗಿತ್ತು. ಹಣಮವ್ವನಿಗೆ ಆಗ ಮೂವತ್ತೂ ದಾಟಿರಲಿಲ್ಲವೆಂಬುದು ಬಾಲಮ್ಮನಿಗೆ ಈಗ ಹೊಳೆಯಿತು. ಹಾಡುತ್ತಿರುವ ಅವ್ವನಿಗಿಂತ ಕೇಳುತ್ತಿರುವ ತಾನೇ ಹದಿನೈದು ವರ್ಷ ದೊಡ್ಡವಳು. ಗಲ್ಲಿಯಲ್ಲಿ ಯಾರೋ ತಳ್ಳುಗಾಡಿಯವನು "ಸೈಡ್, ಸೈಡ್" ಎಂದು ಕೂಗುತ್ತಿದ್ದ. ಖುರ್ಷೀದ್ ಎದ್ದು ಶಟರನ್ನು ಅರ್ಧ ಎಳೆದರು.

ಮೊದಲ ನುಡಿ ಆಯಿತು. ಎರಡನೆಯದೂ ಆಯಿತು. ಟೇಪಿನಲ್ಲಿ ಒಂದು ಗಳಿಗೆ ಸುಮ್ಮನಾಯಿತು, ಏನೋ ಗುಸುಗುಸು. ಬಳಿಕ ಅವ್ವನ ಮಾತು: "ಮುಂದಿಂದು ನೆನಪಿಲ್ರಿ ಸಾಹೇಬ್ರ. ಇಷ್ಟೇ ಅದ."

ಅಲ್ಲಿಗೆ ಮುಗಿಯಿತು. ಬೇರೆ ಹಾಡು ಶುರುವಾಯಿತು.

ಬಾಲಮ್ಮ ಹಾಗೇ ಬಗ್ಗಿ ನಿಂತಿದ್ದಳು. ಗಂಗಾ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಅಲ್ಲೂ ಮರ್ತೀನಿ ಅಂದಳಲ್ಲ," ಎಂದಳು ಬಾಲಮ್ಮ, ಯಾರಿಗೂ ಅಲ್ಲ ಎಂಬಂತೆ.

ಖುರ್ಷೀದ್ ಮಾತ್ರ ಹುಬ್ಬು ಗಂಟಿಕ್ಕಿ ಟೇಪನ್ನು ಹಿಂದಕ್ಕೆ ಸುತ್ತುತ್ತಿದ್ದರು. ಅವರಿಗೆ ಆ ಕನ್ನಡ ಅಷ್ಟಾಗಿ ತಿಳಿಯದು. ಆದರೆ ನಲವತ್ತು ವರ್ಷ ಕೇಳಿದ ಕಿವಿ. "ಅಮ್ಮಾ, ಒಂದು ನಿಮಿಷ. ಗುಸುಗುಸು ಅಂತಿದೆ ನೋಡಿ, ಅಲ್ಲಿ ಒಂದು ಬಚ್ಚಿ ಇದೆ, ಸಣ್ಣ ಹುಡುಗಿ. ಹಾಡ್ತಾ ಇದೆ. ಯಾರೋ ಬಾಯಿ ಮುಚ್ತಾರೆ." ದಪ್ಪ ಹೆಡ್‌ಫೋನೊಂದನ್ನು ತೆಗೆದು ಬಾಲಮ್ಮನ ಕಿವಿಗೆ ತಾವೇ ತೊಡಿಸಿದರು. ಸದ್ದು ಏರಿಸಿದರು.

ಅವ್ವನ ದನಿ ನಿಂತ ಕೂಡಲೇ ಕೀಚಲು ದನಿಯೊಂದು, ಹುರುಪಿನಿಂದ, ಒಬ್ಬಂಟಿಯಾಗಿ ಎದ್ದಿತು. *ಅಳೆಯೋ ಸೇರಿಗಿ ದೊರೆಯೇ, ಎರಡು ತಳ ಯಾಕೋ, ನಿನ್ನ ಹಗೇವಿಗಿ ದೊರೆಯೇ...* ಅಷ್ಟಕ್ಕೆ ಕೈ ಬಿದ್ದ ಸದ್ದು. ಬಟ್ಟೆಯೊಳಗೆ ಹುದುಗಿದಂತೆ ಉಳಿದದ್ದು ಗೊಣಗೊಣ ಎಂದಿತು. "ಸುಮ್ಕಿರ ಬಾಲಿ!" ಎಂಬ ಉಸಿರುಮಾತು. ಆಮೇಲೆ ಗಟ್ಟಿಯಾಗಿ, ಮೇಲಿನವರಿಗೆ ಕೇಳುವಂತೆ: "ಮುಂದಿಂದು ನೆನಪಿಲ್ರಿ ಸಾಹೇಬ್ರ."

ಬಾಲಿ ಎಂದು ಅವಳನ್ನು ಕರೆಯುತ್ತಿದ್ದವಳು ಒಬ್ಬಳೇ. ಬಾಲಮ್ಮ ಹೆಡ್‌ಫೋನು ತೆಗೆಯಲಿಲ್ಲ. ಮತ್ತೆ ಹಚ್ಚಿರಿ ಎಂದು ಕೈಸನ್ನೆ ಮಾಡಿದಳು. ಖುರ್ಷೀದ್ ಐದು ಸಲ ಹಚ್ಚಿದರು, ಆರು ಸಲ ಹಚ್ಚಿದರು. ಕಣ್ಣೀರು ಗಲ್ಲದಿಂದಿಳಿದು ಕೌಂಟರಿನ ಗಾಜಿನ ಮೇಲೆ ಬೀಳುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಅವರು ಸುಮ್ಮನೆ ಟೇಪು ಸುತ್ತುತ್ತಲೇ ಇದ್ದರು.

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ ಎಂದು ಹಿಂದಿರುಗುವಾಗ ಬಾಲಮ್ಮ ಮಗಳಿಗೆ ಹೇಳಿದಳು. ಗೌಡನ ಅಂಗಳದಲ್ಲಿ ಅಂಥವು ನಾಲ್ಕು ಇದ್ದವು. ಆದರೆ ಹಗೇವಿಗೆ ಏನಾಯಿತು? ಸುಗತರು ಬಸ್ ಸ್ಟ್ಯಾಂಡಿನವರೆಗೆ ಬಂದು, ಹೀಗಿರಬಹುದು ಹಾಗಿರಬಹುದು ಎಂದು ಎರಡು ಮೂರು ಸಾಲು ಕಟ್ಟಿ ನೋಡಿದರು. ಚೆನ್ನಾಗಿಯೇ ಇದ್ದವು. ಬಾಲಮ್ಮ ಪ್ರತಿಯೊಂದಕ್ಕೂ ತಲೆಯಾಡಿಸಿದಳು. "ಇಲ್ರಿ ಸರ್. ನಮ್ಮವ್ವ ಅಷ್ಟು ಚಂದ ಅಂತಿದ್ದಿಲ್ಲ. ಸೀದಾ ಅಂತಿದ್ದಳು."

ಊರಲ್ಲಿ ಅವ್ವನ ಜೊತೆ ಸಾಲು ಹಿಡಿದವರಲ್ಲಿ ಉಳಿದದ್ದು ಮರೆಮ್ಮ ಒಬ್ಬಳೇ. ಎಪ್ಪತ್ತೈದು ದಾಟಿತ್ತು, ಕಿವಿ ಮಂದವಾಗಿತ್ತು. ಮರುದಿನ ಕೆಲಸದಿಂದ ಬಂದವಳೇ ಬಾಲಮ್ಮ ಮರೆಮ್ಮನ ಮೊಮ್ಮಗಳ ಫೋನಿಗೆ ಗಂಗಾಳಿಂದ ಕರೆ ಮಾಡಿಸಿ, ಬೀದಿಯವರಿಗೆಲ್ಲ ಕೇಳುವಂತೆ ಕೂಗಿ ಹಾಡಿನ ವಿಷಯ ತೆಗೆದಳು.

"ಆ ಹಾಡಾ?" ಎಂದಳು ಮರೆಮ್ಮ. "ಅದು ಎಲ್ಲರ ಹಾಡವ್ವ. ನಮ್ಮ ಅತ್ತೆದೇರೂ ಹಾಡ್ತಿದ್ರು. ಆದ್ರ ಸೇರಿನ ನುಡಿ ಅದ ನೋಡು, ಅದು ನಿಮ್ಮವ್ವ ಕಟ್ಟಿದ್ದು."

"ನಮ್ಮವ್ವ?"

"ಮತ್ತ್ಯಾರು? ಆಕೀನೇ. ಸಂಜಿಗಿ ಗೌಡ ಹೊಲಕ್ಕ ಬಂದಿದ್ದ. ನಾವು ಎಲ್ಲಾರೂ ಬಗ್ಗಿದ್ವಿ. ಹಣಮಿ ಎರಡು ನುಡಿ ಹಾಡಿದಳು, ಮೂರನೇದು ಎತ್ತಿಬಿಟ್ಟಳು ನೋಡು, ಅವನ ಮಾರಿ ಮುಂದ. ಅಳೆಯೋ ಸೇರಿಗಿ ದೊರೆಯೇ, ಎರಡು ತಳ ಯಾಕೋ, ನಿನ್ನ ಹಗೇವಿಗಿ ದೊರೆಯೇ, ತಳಾನ ಇಲ್ಲ ಯಾಕೋ. ನಮಗ ಹೆದರಿಕಿ. ಹಿಂದ ಹಿಡೀಬೇಕೋ ಬಿಡಬೇಕೋ ತಿಳೀವಲ್ದು. ಒಂದು ಗಳಿಗಿ ಯಾರೂ ಹಿಡೀಲಿಲ್ಲ. ಆಮ್ಯಾಗ ನಾ ಹಿಡದೆ. ಆಮ್ಯಾಗ ಎಲ್ಲಾರೂ ಹಿಡದ್ರು."

"ಗೌಡ ಏನಂದ?"

"ಏನೂ ಅನಲಿಲ್ಲ. ನಕ್ಕ. ಮುಂದಿನ ವಾರ ಸೇರು ಬದಲಾತು, ಪೂರಾ ಸೇರು ಬಂತು. ನಿಮ್ಮವ್ವನ್ನ ಮಾತ್ರ ಹೊಲಕ್ಕ ಕರೀಲಿಲ್ಲ. ಮತ್ತೆಂದೂ ಕರೀಲಿಲ್ಲ."

ಬಾಲಮ್ಮನ ಹತ್ತನೇ ವಯಸ್ಸಿನಿಂದ ಹಣಮವ್ವ ನಸುಕಿನಲ್ಲೇ ಎದ್ದು ಎಂಟು ಮೈಲಿ ಆಚೆಯ ಊರಿಗೆ ಕೂಲಿಗೆ ನಡೆದು ಹೋಗುತ್ತಿದ್ದಳು. ಮನೆ ಮುಂದಿನ ಹೊಲ ಬಿಟ್ಟು ಅಷ್ಟು ದೂರ ಯಾಕೆ ಎಂದು ಬಾಲಮ್ಮ ಒಮ್ಮೆಯೂ ಕೇಳಿರಲಿಲ್ಲ. ಮಕ್ಕಳು ಕೇಳುವುದಿಲ್ಲ. ಅವ್ವ ಮನೆಗೆ ಬರುವ ಹೊತ್ತಿಗೆ ತಾನು ಹಸಿದು ಮಲಗಿರುತ್ತಿದ್ದೆ ಎಂಬ ಸಿಟ್ಟಷ್ಟೇ ಅವಳ ನೆನಪಿನಲ್ಲಿ ಉಳಿದಿತ್ತು.

"ಹಂಗಿದ್ರ ಟೇಪಿನವರು ಬಂದಾಗ ಗೌಡನ ಮನಿಗಿ ಹಾಡ್ಲಿಕ್ಕಿ ಯಾಕ ಹೋದಳು?"

"ಅವನೇ ಕರೆ ಕಳಿಸಿದ್ದ. ಬೆಂಗಳೂರಿನ ಮಂದಿ ಬಂದಾರ, ಚಲೋ ಹಾಡೋರು ಬರ್ರಿ ಅಂತ. ಊರಾಗ ಆಕೀ ಬಿಟ್ರ ಯಾರಿಗಿ ಹಾಡ್ಲಿಕ್ಕಿ ಬರ್ತಿತ್ತು? ಹೊಲಕ್ಕ ಬ್ಯಾಡಾದ್ಲು, ಹಾಡಿಗಿ ಬೇಕಾದ್ಲು." ಮರೆಮ್ಮ ಕೆಮ್ಮಿದಳು. "ನಿನ್ನನ್ನ ಬಗಲಾಗ ಕೂಡಿಸಿಕೊಂಡಿದ್ದಳು. ನೀ ಬಾಯಿ ತೆಗೆದೆಲ್ಲ, ನನ್ನ ಜೀವ ಹೋಗಿ ಬಂತು."

ಬಾಲಮ್ಮ ಇದನ್ನು ಫೋನಿನಲ್ಲಿ ಸುಗತರಿಗೆ ತಿಳಿಸಿದಳು. ಅವರು ಉದ್ದನೆಯ ಒಂದು ಬರಹ ಬರೆದು, ಹಣಮವ್ವನ ಹೆಸರು, ಊರು, ಮೂರೂ ನುಡಿ ಎಲ್ಲವನ್ನೂ ಹಾಕಿದರು. ಐವತ್ತು ಅರವತ್ತು ಜನ ಓದಿದರು. ಸಿನಿಮಾದವರಿಗೂ ಒಂದು ಪತ್ರ ಹೋಯಿತು, ಉತ್ತರ ಬರಲಿಲ್ಲ. ಹಾಡಿನ ಕೆಳಗೆ ಈಗಲೂ ಜಾನಪದ ಎಂದೇ ಇದೆ.

ಗಂಗಾ ತನ್ನ ಫೋನು ಮುಂದೆ ಹಿಡಿದು, ಮೂರೂ ನುಡಿ ಹಾಡೆಂದು ತಾಯಿಯನ್ನು ಕೂಡಿಸಿದಳು. ಬಾಲಮ್ಮ ಹಾಡಿದಳು. ಗಂಗಾ ತಿರುಗಿ ಹಚ್ಚಿ ಕೇಳಿಸಿದಾಗ ಬಾಲಮ್ಮ ಮುಖ ಸಣ್ಣ ಮಾಡಿಕೊಂಡಳು. ಮಾತು ಎಲ್ಲ ಸರಿಯಿತ್ತು. ದನಿ ಮಾತ್ರ ಅವ್ವನದಲ್ಲ. ಆ ಸೇರಿನ ನುಡಿಯನ್ನು ಹಣಮವ್ವನ ದನಿಯಲ್ಲಿ ಇನ್ನು ಯಾರೂ ಎಂದೂ ಕೇಳಲಾರರು. ಅವಳೇ ತನ್ನ ಕೈಯಾರೆ ಅದನ್ನು ಮುಚ್ಚಿಟ್ಟಿದ್ದಳು, ಬಗಲಲ್ಲಿ ಕೂತ ಮಗಳ ಬಾಯಿಯ ಜೊತೆಗೆ. "ಅಳಿಸಲಾ?" ಎಂದು ಗಂಗಾ ಕೇಳಿದಳು. "ಇರಲಿ," ಎಂದಳು ಬಾಲಮ್ಮ.

ಕನ್ನಡಿ ಕೋಣೆಯಲ್ಲಿ ಇದನ್ನೆಲ್ಲ ಕೇಳಿದ ದಿವ್ಯಳ ಕಣ್ಣು ತುಂಬಿತು. ಮರುದಿನ ಆರೂವರೆಯ ಬ್ಯಾಚಿನಲ್ಲಿ ಮೈಕು ಹಿಡಿದು, "ಈ ಹಾಡು ನಮ್ಮ ಬಾಲಕ್ಕನ ತಾಯಿದು," ಎಂದು ಎಲ್ಲರಿಗೂ ಹೇಳಿದಳು. ಮೂವತ್ತು ಹೆಂಗಸರು ಹೊರಳಿ ನೋಡಿ ಚಪ್ಪಾಳೆ ತಟ್ಟಿದರು. ಬಾಲಮ್ಮ ಸ್ಟೂಲಿನಿಂದ ಎದ್ದು ಏನು ಮಾಡಬೇಕೋ ತಿಳಿಯದೆ ಕೈಮುಗಿದಳು. ಒಬ್ಬರು ಬಂದು ಸೆಲ್ಫಿ ತೆಗೆದುಕೊಂಡರು. ಆಮೇಲೆ ದಿವ್ಯ ಹಾಡು ಹಾಕಿದಳು. ಹತ್ತಿರ ಬಾರೋ ಎಂದಾಗ ಮೂವತ್ತು ಸೊಂಟಗಳು ಎಂದಿನಂತೆ ತಿರುಗಿದವು. ದಿವ್ಯ ನಡುವೆ ಒಮ್ಮೆ ಬಾಲಮ್ಮನ ಕಡೆ ನೋಡಿ, ನಾನೇನು ಮಾಡಲಿ ಎಂಬಂತೆ ಪೆಚ್ಚಾಗಿ ನಕ್ಕಳು. ಬಾಲಮ್ಮನೂ ನಕ್ಕಳು. ಆ ಹುಡುಗಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ದೀಪಾವಳಿ ಕಳೆಯಿತು. ಹೊಸ ಸಿನಿಮಾ ಬಂತು, ಹೊಸ ಹಾಡು ಬಂತು. ಒಂದು ಸೋಮವಾರ ದಿವ್ಯ ಪಟ್ಟಿ ಬದಲಿಸಿದಳು. ಯಾರೂ ಹಳೆಯದನ್ನು ಕೇಳಲಿಲ್ಲ. ಬಾಲಮ್ಮ ಎರಡು ಬ್ಯಾಚು ಕಾದಳು, ಮೂರನೆಯದಕ್ಕೂ ಕಾದಳು. ನೆಲ ಒರೆಸುವಾಗ ಕೈ ತಾನಾಗಿಯೇ ಹಳೆಯ ಲಯಕ್ಕೆ ಹೋಗುತ್ತಿತ್ತು, ಗೋಡೆಯ ಸ್ಪೀಕರಿನಿಂದ ಬರುತ್ತಿದ್ದದ್ದು ಬೇರೆ. ಆ ದರಿದ್ರ ಹಾಡು ಒಮ್ಮೆ ತೊಲಗಿದರೆ ಸಾಕು ಎಂದು ಅವಳು ಎಷ್ಟು ಸಲ ಬೇಡಿಕೊಂಡಿದ್ದಳೋ. ಈಗ ಬೆಳಗೆಲ್ಲ ಕಿವಿ ಬರಿದಾಗಿ, ಏನನ್ನೋ ಮರೆತು ಬಂದವಳಂತೆ ಬಾಗಿಲ ಕಡೆಗೇ ನೋಡುತ್ತಿದ್ದಳು. ಮಾತು ಕೆಡಿಸಿದ್ದರೇನು, ಹಾಡಿದವಳು ಯಾರೋ ಆದರೇನು, ದಿನಕ್ಕೆ ಎಂಟು ಸಲ ಅವ್ವನ ಧಾಟಿ ಆ ಗೋಡೆಗಳ ನಡುವೆ ಓಡಾಡಿಕೊಂಡಿತ್ತು.

ಡಿಸೆಂಬರಿನ ಒಂದು ಮಧ್ಯಾಹ್ನ ತಾಯಿಮಗಳು ಇಂದಿರಾನಗರದಲ್ಲಿ ಬಸ್ಸಿಗೆ ನಿಂತಿದ್ದರು. ಸಿಗ್ನಲ್ಲಿಗೆ ಒಂದು ಆಟೋ ಬಂದು ನಿಂತಿತು. ಅದರೊಳಗಿಂದ, ಎಲ್ಲರೂ ಮರೆತಿದ್ದ ಆ ಹಾಡು. ಡ್ರೈವರು ಹ್ಯಾಂಡಲ್ಲಿನ ಮೇಲೆ ಬೆರಳು ಬಡಿಯುತ್ತಿದ್ದ. ಬಾಲಮ್ಮ ಫುಟ್‌ಪಾತಿನಿಂದ ಇಳಿದು ಆಟೋದ ಹತ್ತಿರ ಹೋಗಿ ನಿಂತಳು.

"ಎಲ್ಲಿಗಮ್ಮ?" ಎಂದ ಡ್ರೈವರು.

"ಎಲ್ಲಿಗೂ ಇಲ್ಲಪ್ಪ. ಸ್ವಲ್ಪ ದೊಡ್ಡದಾಗಿ ಹಚ್ಚು."

ಅವನು ವಿಚಿತ್ರವಾಗಿ ನೋಡಿದರೂ ಸದ್ದು ಏರಿಸಿದ. ಸಿಗ್ನಲ್ಲು ಹಸಿರಾಗುವ ಹೊತ್ತಿಗೆ ಎರಡನೇ ನುಡಿ ಮುಗಿಯುತ್ತಿತ್ತು. ಹಿಂದಿನ ಗಾಡಿಗಳು ಹಾರ್ನ್ ಬಾರಿಸಿದವು. ಆಟೋ ಹಳೇ ಮದ್ರಾಸ್ ರಸ್ತೆಯ ಕಡೆ ಹೊರಟಿತು. ಗಂಗಾ ಬಂದು ತಾಯಿಯ ತೋಳು ಹಿಡಿದು ಮೇಲಕ್ಕೆ ಎಳೆದುಕೊಂಡಳು. ಬಾಲಮ್ಮನ ತುಟಿಗಳು ಅಲುಗುತ್ತಿದ್ದವು. ಮೂರನೇ ನುಡಿಯನ್ನು ಅವಳು ಮುಗಿಸುವವರೆಗೆ ಗಂಗಾ ಸುಮ್ಮನೆ ನಿಂತಿದ್ದಳು. ಅಷ್ಟರಲ್ಲಿ ಅವರ ಬಸ್ಸು ಬಂದು ಹೋಯಿತು.